ಕಾಲು ಮುಂದಾಗಿ ಹುಟ್ಟಿದ ಫಿಸಿಯೋ ಮೇಡಂ

ಅವರ ಪಾದಗಳು ಅಗಲ. ಬೆರಳುಗಳು ಒಂದಕ್ಕೊಂದು ತಾಗದೆ ನೆಲದ ಮೇಲೆ ಹರಡಿಕೊಂಡಿರುತ್ತಿದ್ದವು. ಬಲಗಾಲಿನ ಹೆಬ್ಬೆರಳ ಉಗುರು ಯಾವಾಗಲೋ ಕಿತ್ತುಹೋಗಿ ಅರ್ಧ ಮಾತ್ರ ಮತ್ತೆ ಬೆಳೆದಿತ್ತು. ಕ್ಲಿನಿಕ್ಕಿನೊಳಗೆ ಅವರು ಚಪ್ಪಲಿ ಹಾಕುತ್ತಿರಲಿಲ್ಲ. ಹೊಸದಾಗಿ ಬಂದವರಲ್ಲಿ ಅನೇಕರು ಮುಖಕ್ಕಿಂತ ಮೊದಲು ಅವರ ಪಾದ ನೋಡುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ‘ಮೇಲೆ ನೋಡಿ, ನಾನು ಇಲ್ಲಿದೀನಿ’ ಎನ್ನುತ್ತಿದ್ದರು.

ಜನ ಹಾಗೆ ನೋಡುವುದಕ್ಕೆ ಕಾರಣವಿತ್ತು. ಅವರು ಕಾಲು ಮುಂದಾಗಿ ಹುಟ್ಟಿದವರು. ಹೆರಿಗೆಯಲ್ಲಿ ತಲೆಗಿಂತ ಮೊದಲು ಕಾಲು ಹೊರಬಂದ ಮಗು, ಸೊಂಟ ಹಿಡಿದುಕೊಂಡವರನ್ನೋ ಉಳುಕಿಸಿಕೊಂಡವರನ್ನೋ ಕಾಲಿನಿಂದ ಮೆಲ್ಲಗೆ ಒದ್ದರೆ ನೋವು ಬಿಟ್ಟುಹೋಗುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ವಿಜಯನಗರ ಇನ್ನೂ ಪೂರ್ತಿ ಬಡಾವಣೆಯಾಗದಿದ್ದ ಕಾಲದಲ್ಲಿ ಅಲ್ಲಿನ ಹಳೇ ಊರೊಂದರ ಒಕ್ಕಲು ಮನೆಯಲ್ಲಿ ಅವರು ಹುಟ್ಟಿದ್ದರು. ಅಜ್ಜಿ ಊರಿಗೆಲ್ಲ ಸುದ್ದಿ ಹೇಳಿದ್ದಳು. ನಡೆಯಲು ಬಂದಾಗಿನಿಂದ ಬೆಳಗಿನ ಹೊತ್ತು ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಮನೆಯ ಜಗಲಿಯ ಮೇಲೆ ಬೋರಲು ಮಲಗಿರುತ್ತಿದ್ದರಂತೆ.

‘ನಾನು ಸ್ಕೂಲಿಗೆ ಸೇರೋದಕ್ಕೆ ಮುಂಚೆನೇ ಪ್ರಾಕ್ಟೀಸ್ ಶುರು ಮಾಡಿದವಳು ಸಾರ್. ಫೀಸು ಒಂದು ತುಂಡು ಬೆಲ್ಲ’ ಎಂದು ನನಗೆ ಹೇಳಿದ್ದರು. ‘ಒದ್ದ ಮೇಲೆ ಅವರ ಕಾಲಿಗೆ ಬೀಳ್ಬೇಕಿತ್ತು, ದೊಡ್ಡವರನ್ನ ಒದ್ದ ಪಾಪ ಹೋಗೋಕೆ. ಒದಿಯೋದು, ಬೀಳೋದು. ಒದಿಯೋದು, ಬೀಳೋದು. ನನಗೆ ಅದೇ ಎಕ್ಸರ್‌ಸೈಜ್.’

ಹಾಗಾದರೆ ಜನಕ್ಕೆ ಗುಣವಾಗುತ್ತಿತ್ತೇ ಎಂದು ನಾನು ಕೇಳಿದ್ದೆ. ಪತ್ರಿಕೆಯಲ್ಲಿ ಕೆಲಸ ಮಾಡುವವನಿಗೆ ಅದು ಸಹಜವಾಗಿ ಬರುವ ಪ್ರಶ್ನೆ. ‘ಆಗ್ತಿತ್ತು. ಹಿಡ್ಕೊಂಡ ಸೊಂಟ ನಾಲ್ಕು ದಿನಕ್ಕೆ ತಾನಾಗೇ ಬಿಡುತ್ತೆ. ಮೂರನೇ ದಿನ ನನ್ನ ಹತ್ರ ಬರೋರು. ಹೆಸರು ನನ್ನ ಕಾಲಿಗೆ ಬರೋದು’ ಎಂದರು. ಫಿಸಿಯೋಥೆರಪಿ ಓದಲು ಸೇರಿದ ವರ್ಷವೇ ಅವರು ಒದೆಯುವುದನ್ನು ನಿಲ್ಲಿಸಿದ್ದರು.

ಕ್ಲಿನಿಕ್ ಇದ್ದದ್ದು ಬಸವೇಶ್ವರನಗರದಲ್ಲಿ, ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ, ಒಂದು ಮನೆಯ ಕಾರ್ ಶೆಡ್ಡಿನಲ್ಲಿ. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಗಿರಣಿ ಓಡುವಾಗ ಗೋಡೆ ಸಣ್ಣಗೆ ನಡುಗುತ್ತಿತ್ತು, ಮಂಚದ ಮೇಲಿನ ರೆಕ್ಸಿನ್ ಹೊದಿಕೆಯ ಮೇಲೆ ರಾಗಿಹಿಟ್ಟಿನ ತೆಳು ಪುಡಿ ಕೂರುತ್ತಿತ್ತು. ಅವರು ದಿನಕ್ಕೆ ಹಲವು ಸಲ ಅದನ್ನು ಒರೆಸುತ್ತಿದ್ದರು. ನೋವು ಎಲ್ಲಿದೆ ಎಂದು ಮೊದಲು ಕೇಳುತ್ತಿರಲಿಲ್ಲ. ಗಿರಣಿಯ ಬಾಗಿಲವರೆಗೆ ಹೋಗಿ ಬನ್ನಿ ಎಂದು ಕಳಿಸಿ, ಶಟರ್ ಕೆಳಗೆ ನಿಂತು ಆ ಮನುಷ್ಯ ನಡೆಯುವುದನ್ನು ನೋಡುತ್ತಿದ್ದರು. ಗಿರಣಿಯವನು, ‘ಮೇಡಂ, ನನ್ನ ಗಿರಾಕಿಗಳಿಗಿಂತ ನಿಮ್ಮ ಪೇಷಂಟ್‌ಗಳೇ ಜಾಸ್ತಿ ಬರ್ತಾರೆ ನನ್ನ ಅಂಗಡಿಗೆ, ಒಬ್ಬರೂ ಹಿಟ್ಟು ತಗೊಳಲ್ಲ’ ಎಂದು ಗೊಣಗುತ್ತಿದ್ದ.

ಮೇಡಂಗೆ ಸಿಟ್ಟು ಬೇಗ ಬರುತ್ತಿತ್ತು, ಸಮಯಪಾಲನೆ ಇರಲಿಲ್ಲ. ಹತ್ತಕ್ಕೆ ಬರುತ್ತೇನೆ ಎಂದರೆ ಹನ್ನೊಂದು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಇಷ್ಟನ್ನೂ ದಾಖಲಿಸಿಯೇ ಮುಂದೆ ಹೋಗಬೇಕು, ಏಕೆಂದರೆ ಅವರು ನಮ್ಮ ಮನೆಗೆ ಬಂದ ಮೊದಲ ದಿನವೂ ಒಂದು ಗಂಟೆ ತಡವಾಗಿಯೇ ಬಂದರು, ಬಂದವರೇ ನಮ್ಮನ್ನು ಬೈದರು.

ಅವರು ಬಂದದ್ದು ನನ್ನ ತಾಯಿಗಾಗಿ. ಅಮ್ಮನಿಗೆ ಆಗ ಎಪ್ಪತ್ತರ ಹತ್ತಿರ. ಒಂದು ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ಸೋಪಿನ ಪುಡಿ ಹಾಕಿ ತೊಳೆಯುತ್ತಿದ್ದಾಗ ನುಣುಪಾದ ಗ್ರಾನೈಟ್ ಮೇಲೆ ಎಡಗಾಲು ಮುಂದಕ್ಕೆ ಜಾರಿತು. ಮಂಡಿ ಬಗ್ಗಲಿಲ್ಲ. ಕಾಲು ನೆಟ್ಟಗೆ ಮುಂದೆ ಹೋಗುತ್ತಿದ್ದಂತೆ ಮೈ ಮುಂದಕ್ಕೆ ಬಾಗಿತು. ತೊಡೆಯ ಹಿಂದೆ, ಕೂತರೆ ಒತ್ತುವ ಮೂಳೆಯ ಹತ್ತಿರ, ಏನೋ ಟಪ್ಪೆಂದಿತು ಎಂದು ಅಮ್ಮ ಹೇಳಿದರು. ಮೂಳೆ ಮುರಿದಿರಲಿಲ್ಲ. ಹಾಗಾಗಿ ನಾವೆಲ್ಲ ಉಳುಕು ಎಂದುಕೊಂಡೆವು.

ಉಳುಕಿಗೆ ನಮ್ಮಂಥ ಮನೆಗಳಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆವು. ನನ್ನ ಹೆಂಡತಿ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿದಳು. ಆಮೇಲೆ ಸುಡುನೀರು ಹುಯ್ದೆವು. ಸಂಜೆ ಪರಿಚಯದವರೊಬ್ಬರು ಬಂದು ಕಾಲು ಎಳೆದು ಸರಿಮಾಡಿದರು. ಎರಡು ಮೂರು ದಿನದಲ್ಲಿ ತೊಡೆಯ ಹಿಂಭಾಗದಿಂದ ಮೀನಖಂಡದವರೆಗೆ ನೇರಳೆ ಹಣ್ಣಿನ ಬಣ್ಣ ಇಳಿಯಿತು. ಮೂಳೆ ಡಾಕ್ಟರು ಸ್ಕ್ಯಾನ್ ಮಾಡಿಸಿ, ಇದು ಉಳುಕಲ್ಲ, ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಅರ್ಧ ಹರಿದಿದೆ ಎಂದರು. ಹರಿದ ಸ್ನಾಯುವಿನೊಳಗೆ ರಕ್ತ ಸೋರುತ್ತಿರುವಾಗ ಬಿಸಿ ಕೊಟ್ಟು ತಿಕ್ಕಿದರೆ ಇನ್ನಷ್ಟು ಸೋರುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. ಆಪರೇಷನ್ ಬೇಡ, ಕೆಲವು ವಾರ ಜೋಪಾನ, ಆಮೇಲೆ ಫಿಸಿಯೋಥೆರಪಿ ಎಂದು ಬರೆದುಕೊಟ್ಟರು.

ನಾವು ಜೋಪಾನವನ್ನು ಮಾತ್ರ ಪಾಲಿಸಿದೆವು. ಅದಕ್ಕೆ ಹಿಂದಿನ ಕಥೆಯೊಂದಿದೆ. ಅಮ್ಮನ ಅತ್ತೆ, ಅಂದರೆ ನನ್ನ ಅಜ್ಜಿ, ಬಿದ್ದು ಸೊಂಟ ಮುರಿದುಕೊಂಡು ಅದೇ ಮನೆಯ ಹಿಂದಿನ ರೂಮಿನಲ್ಲಿ ವರ್ಷಗಟ್ಟಲೆ ಮಲಗಿದ್ದರು. ಮಗ್ಗುಲು ಬದಲಿಸುವುದರಿಂದ ಹಿಡಿದು ಎಲ್ಲವನ್ನೂ ಮಾಡಿದವರು ಅಮ್ಮ. ಅಜ್ಜಿಯ ಬೆನ್ನಿನ ಹುಣ್ಣಿಗೆ ಪುಡಿ ಹಾಕುತ್ತಿದ್ದ ಆ ಕೈಗಳಿಗೆ ಹಾಸಿಗೆ ಎಂದರೆ ಏನೆಂದು ಗೊತ್ತಿತ್ತು. ‘ದೇವರು ಏನಾದ್ರೂ ಕೊಡ್ಲಿ, ನಮ್ಮತ್ತೆ ಥರ ಮಲಗಿಸೋದು ಮಾತ್ರ ಬೇಡ’ ಎಂದು ಅಮ್ಮ ಆಗಾಗ ಹೇಳುತ್ತಿದ್ದರು. ಬಿದ್ದ ಮೇಲೆ ಆ ಭಯ ಒಂದೇ ಅವರನ್ನು ಆಳಿತು. ಮತ್ತೆ ಬಿದ್ದರೆ ಗತಿ ಏನು ಎಂದು ಏಳುವುದನ್ನೇ ಬಿಟ್ಟರು. ನಾವೂ ಏಳಲು ಬಿಡಲಿಲ್ಲ. ಊಟ, ಕಾಫಿ, ಬಿಸಿನೀರು ಎಲ್ಲ ಮಂಚಕ್ಕೆ. ತಲೆದಿಂಬಿನ ಪಕ್ಕ ಒಂದು ಬ್ಯಾಟರಿ ಬೆಲ್ ಇಟ್ಟೆವು. ಒತ್ತಿದರೆ ಯಾರಾದರೂ ಓಡುತ್ತಿದ್ದೆವು. ಹೀಗೆ ಎರಡು ತಿಂಗಳು ಕಳೆಯಿತು. ಹುಷಾರಾಗುವ ಬದಲು ಎಡ ತೊಡೆ ಬಲ ತೊಡೆಗಿಂತ ಕಣ್ಣಿಗೆ ಕಾಣುವಷ್ಟು ಸಣ್ಣಗಾಯಿತು.

ಫಿಸಿಯೋ ಹತ್ತಿರ ಹೋಗೋಣ ಎಂದರೆ ಅಮ್ಮ ಒಪ್ಪಲಿಲ್ಲ. ಒಪ್ಪಿಸಿದ್ದು ಎದುರು ಮನೆಯ ಆಂಟಿ. ‘ಆ ಮೇಡಂ ಕಾಲು ಮುಂದಾಗಿ ಹುಟ್ಟಿದವರು ಕಣ್ರೀ. ಎಕ್ಸರ್‌ಸೈಜ್ ಎಲ್ಲ ಇರಲಿ, ಒಂದ್ಸಲ ಒದ್ರೆ ಸಾಕು’ ಎಂದರು. ಅಮ್ಮ ಎದ್ದು ಕೂತರು. ‘ಕರೆಸು’ ಎಂದರು ನನಗೆ.

ಅವರು ಬಂದು ರೂಮಿನ ಬಾಗಿಲಲ್ಲಿ ನಿಂತು ಒಂದು ಸುತ್ತು ನೋಡಿದರು. ಮಂಚ, ಟೀಪಾಯಿ, ಫ್ಲಾಸ್ಕು, ಕಮೋಡ್ ಕುರ್ಚಿ. ಕೊನೆಗೆ ಬೆಲ್ ಕೈಗೆತ್ತಿಕೊಂಡು ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿಗಳನ್ನು ಹೊರಗೆ ಹಾಕಿ ನನ್ನ ಅಂಗೈಗೆ ಕೊಟ್ಟರು.

‘ಸೇವೆ ಮಾಡಿ ಮಾಡಿ ಮಲಗಿಸಿಬಿಟ್ಟಿದೀರಲ್ಲ ಸಾರ್’ ಎಂದರು. ನನ್ನ ಹೆಂಡತಿಯ ಮುಖ ಕೆಂಪಾಯಿತು. ಆ ಎರಡು ತಿಂಗಳು ಅವಳು ಕಾಲೇಜಿನ ಕೆಲಸಕ್ಕೆ ಹೋಗಿ ಬಂದು ಅಮ್ಮನನ್ನು ನೋಡಿಕೊಂಡಿದ್ದಳು. ‘ನಿಮ್ಮ ತಪ್ಪಲ್ಲಮ್ಮ, ಒಳ್ಳೇ ಸೊಸೆಯರೆಲ್ಲ ಹೀಗೇ ಮಾಡೋದು’ ಎಂದು ಅವಳಿಗೂ ಒಂದು ಮಾತು ಹೇಳಿದರು. ಅದು ಸಮಾಧಾನವೋ ಚುಚ್ಚುಮಾತೋ ಎಂದು ಅವಳು ಇವತ್ತಿಗೂ ತೀರ್ಮಾನಿಸಿಲ್ಲ.

ಅಮ್ಮ ನೇರವಾಗಿ ವಿಷಯಕ್ಕೆ ಬಂದರು. ‘ನೋಡಮ್ಮ, ನನಗೆ ನಿನ್ನ ಎಕ್ಸರ್‌ಸೈಜ್ ಬೇಡ. ಒಂದ್ಸಲ ಕಾಲು ತಾಗಿಸಿಬಿಡು.’

ಒದೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು ಎಂದು ಅವರು ಹೇಳುತ್ತಾರೆ ಎಂದುಕೊಂಡಿದ್ದೆ. ಹಾಗೆ ಹೇಳಲಿಲ್ಲ. ಅಮ್ಮನ ತೊಡೆಯನ್ನು ಎರಡು ಕೈಯಲ್ಲಿ ಹಿಡಿದು ನೋಡಿ, ಸ್ವಲ್ಪ ಯೋಚಿಸಿ, ‘ಒದೀತೀನಿ. ಆದ್ರೆ ನಮ್ಮಜ್ಜಿ ಹೇಳ್ಕೊಟ್ಟ ಪದ್ಧತಿ ಒಂದಿದೆ. ನೋವಿದ್ದೋರು ನಡ್ಕೊಂಡು ಒದಿಯೋರು ಇರೋ ಕಡೆ ಬರ್ಬೇಕು. ಆಟೋ, ಕಾರು ಎಲ್ಲ ನಡಿಯಲ್ಲ. ಒದಿಯೋರು ನೋವಿದ್ದೋರ ಮನೆಗೆ ಬಂದು ಒದ್ರೆ ಉಲ್ಟಾ ಆಗುತ್ತೆ’ ಎಂದರು.

‘ಹೌದಾ?’

‘ಮತ್ತೆ? ನಿಮಗೆ ಗೊತ್ತಿಲ್ವಾ?’

ಪದ್ಧತಿ ಎಂದ ಮೇಲೆ ಅಮ್ಮ ಪ್ರಶ್ನಿಸುವವರಲ್ಲ. ‘ಎರಡು ಕ್ರಾಸ್ ನಡೆಯೋದು ಹೇಗಮ್ಮ?’ ಎಂದು ಮಾತ್ರ ಕೇಳಿದರು.

‘ಅದಕ್ಕೇ ನಾನಿರೋದು’ ಎಂದು ಅವರು ಸೆರಗು ಸಿಕ್ಕಿಸಿಕೊಂಡು ಮಂಚದ ತುದಿಯಲ್ಲಿ ಕೂತರು.

ಮೊದಲ ಪಾಠ, ಮಲಗಿದ್ದ ಹಾಗೆಯೇ ಹಿಮ್ಮಡಿಯನ್ನು ಹಾಸಿಗೆಗೆ ಒತ್ತುವುದು, ಅಷ್ಟೇ. ಕಾಲು ಅಲ್ಲಾಡುವುದಿಲ್ಲ, ತೊಡೆಯ ಹಿಂಭಾಗ ಮಾತ್ರ ಗಟ್ಟಿಯಾಗುತ್ತದೆ. ಇದರಿಂದ ಏನಾಗುತ್ತದೆ ಎಂದು ಅಮ್ಮನಿಗೂ ಅನಿಸಿತು, ನನಗೂ ಅನಿಸಿತು. ಆಮೇಲೆ ಮಂಡಿ ಮಡಿಸಿ ಸೊಂಟ ಮೇಲೆತ್ತುವುದು. ಆಮೇಲೆ ಅಡುಗೆ ಕಟ್ಟೆ ಹಿಡಿದು ನಿಂತು ಹಿಮ್ಮಡಿಯನ್ನು ಹಿಂದಕ್ಕೆ ಮಡಿಸುವುದು. ಅಮ್ಮನಿಗೆ ಕಾಲು ಚಾಚಿ ಬಗ್ಗಿ ಹೆಬ್ಬೆರಳು ಹಿಡಿಯುವ ಆಸೆ, ಎಳೆದರೆ ಬಿಗಿ ಬಿಡುತ್ತದೆ ಎಂಬ ನಂಬಿಕೆ. ಅದಕ್ಕೆ ಬೈಗುಳ ಬೀಳುತ್ತಿತ್ತು. ‘ಹರಿದ ಬಟ್ಟೆನ ಎಳೆದು ನೋಡ್ತೀರಾ? ಅದಕ್ಕೆ ಈಗ ಬೇಕಿರೋದು ಬಲ. ಬಲ ಬಂದ್ರೆ ಬಿಗಿ ತಾನಾಗೇ ಹೋಗುತ್ತೆ.’

ಸಂಜೆ ಪಾಳಿಯ ಕೆಲಸವಾದ್ದರಿಂದ ಬೆಳಗಿನ ಹೊತ್ತು ನಾನು ಮನೆಯಲ್ಲಿರುತ್ತಿದ್ದೆ. ಆ ಸ್ನಾಯುವಿನ ಕೆಲಸ ಏನೆಂದು ಅವರಿಂದಲೇ ತಿಳಿದೆ. ನಡೆಯುವಾಗ ಮುಂದಕ್ಕೆ ಬೀಸಿದ ಕಾಲನ್ನು ಹಿಡಿದು ನಿಲ್ಲಿಸುವ ಬ್ರೇಕ್ ಅದು. ಬಗ್ಗಿದ ಮೈಯನ್ನು ಮೇಲಕ್ಕೆತ್ತುವುದು, ಕೂತಲ್ಲಿಂದ ಏಳುವಾಗ ಸೊಂಟಕ್ಕೆ ಒತ್ತಾಸೆ ಕೊಡುವುದು, ಮೆಟ್ಟಿಲು ಹತ್ತುವುದು, ಎಲ್ಲದರಲ್ಲೂ ಅದರ ಪಾಲಿದೆ. ವಯಸ್ಸಾದವರು ಅದನ್ನು ಕಳೆದುಕೊಂಡರೆ ಮೊದಲು ಹೆಜ್ಜೆ ಸಣ್ಣದಾಗುತ್ತದೆ, ಆಮೇಲೆ ಮನೆ ಸಣ್ಣದಾಗುತ್ತದೆ, ಕೊನೆಗೆ ಮಂಚ ಒಂದೇ ಉಳಿಯುತ್ತದೆ. ಇದು ಅವರ ಮಾತು. ‘ಹಾರ್ಟು, ಶುಗರ್ರು ಅಂತ ಎಲ್ಲರೂ ಚೆಕ್ ಮಾಡಿಸ್ತಾರೆ. ತೊಡೆಲಿ ಎಷ್ಟು ಬಲ ಇದೆ ಅಂತ ಒಬ್ಬರೂ ನೋಡ್ಕೊಳಲ್ಲ ಸಾರ್.’

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಗೇಟಿನವರೆಗೆ ಬಂದರು. ಆಮೇಲೆ ತಿರುವಿನ ಹಾಲಿನ ಬೂತ್. ಒಂದು ಭಾನುವಾರ ಬೆಳಿಗ್ಗೆ ರೇಷ್ಮೆ ಅಂಚಿನ ಸೀರೆ ಉಟ್ಟು, ನನ್ನ ಕೈಯನ್ನೂ ಹಿಡಿಯದೆ, ಎರಡು ಕ್ರಾಸ್ ದಾಟಿ ಕ್ಲಿನಿಕ್ಕಿಗೆ ನಡೆದರು. ನಾನು ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಹೋದೆ. ಅದು ಬೇಕಾಗಲಿಲ್ಲ. ಗಿರಣಿಯವನು ಶಟರ್ ಎತ್ತುತ್ತಿದ್ದವನು ನಿಂತು ನೋಡಿದ. ‘ಅಮ್ಮ ಬಂದ್ರು ನೋಡಿ ಮೇಡಂ, ಒದೀರಿ’ ಎಂದು ಕೂಗಿದ.

ಅಮ್ಮ ಮಂಚ ಹಿಡಿದು ಬೆನ್ನು ತಿರುಗಿಸಿ ನಿಂತರು. ಮೇಡಂ ಬಲಗಾಲು ಎತ್ತಿ, ಸೀರೆಯ ಮೇಲಿಂದ ತೊಡೆಯ ಹಿಂದೆ ಹೂವಿನಂತೆ ತಾಗಿಸಿದರು. ತಕ್ಷಣ ಬಗ್ಗಿ ಅಮ್ಮನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅಮ್ಮ ತಲೆಯ ಮೇಲೆ ಕೈಯಿಟ್ಟು, ‘ಹೋಯ್ತು ನೋಡಮ್ಮ, ಪೂರ್ತಿ ಹೋಯ್ತು’ ಎಂದರು. ನನಗೆ ನಗು ಬಂತು. ಅವರೂ ನನ್ನ ಕಡೆ ನೋಡಿ ನಕ್ಕರು.

ಆ ನಗು ಬಹಳ ದಿನ ಉಳಿಯಲಿಲ್ಲ. ಪೂರ್ತಿ ಹೋಯ್ತು ಎಂದರೆ ಅಮ್ಮನ ಲೆಕ್ಕದಲ್ಲಿ ಪೂರ್ತಿಯೇ. ಮರುದಿನದಿಂದ ಎಕ್ಸರ್‌ಸೈಜ್ ನಿಂತಿತು. ಒದೆಸಿಕೊಂಡ ಮೇಲೆ ಇನ್ನೇಕೆ? ಆ ವಾರವೇ ಹಬ್ಬ ಬಂತು. ನಾವೆಲ್ಲ ಏಳುವ ಮೊದಲೇ ಹೋಗಿ, ಗೇಟಿನ ಮುಂದೆ ತೊಳೆದು, ಮಂಡಿ ಮಡಿಸದೆ ಸೊಂಟ ಬಗ್ಗಿಸಿ ರಸ್ತೆಯ ಅರ್ಧದವರೆಗೆ ರಂಗೋಲಿ ಬಿಟ್ಟರು. ಕೊನೆಯ ಎಳೆ ಮುಗಿಸಿ ಮೇಲೇಳುವಾಗ ಅದೇ ಜಾಗದಲ್ಲಿ ಮತ್ತೆ ಹಿಡಿಯಿತು. ಇಬ್ಬರು ಸೇರಿ ಎತ್ತಿಕೊಂಡು ಒಳಗೆ ತಂದೆವು.

ಅಮ್ಮ ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ‘ಅವರ ಕಾಲಿಗೂ ಬಗ್ಗಲಿಲ್ಲ ಅಂದ್ರೆ ಮುಗೀತು ಕಣೋ. ಹಿಂದಿನ ರೂಮೇ ನನಗೆ’ ಎಂದರು. ಹಿಂದಿನ ರೂಮು ಅಜ್ಜಿ ಮಲಗಿದ್ದ ರೂಮು.

ಮೇಡಂ ಅವತ್ತು ಹೇಳಿದ ಸಮಯಕ್ಕಿಂತ ಮುಂಚೆ ಬಂದರು. ಅವರು ಹಾಗೆ ಬಂದದ್ದು ನಾನು ಕಂಡಂತೆ ಅದೊಂದೇ ಸಲ. ತೊಡೆ ಮುಟ್ಟಿ ನೋಡಿ, ಹೊಸದಾಗಿ ಹರಿದಿರುವುದು ಸ್ವಲ್ಪವೇ ಎಂದು ಹೇಳಿ, ಕುರ್ಚಿ ಎಳೆದುಕೊಂಡು ಕೂತರು.

‘ಅಮ್ಮ, ಈ ಕಡೆ ತಿರುಗಿ. ಒಂದು ಮಾತು ಹೇಳ್ಬೇಕು. ನನ್ನ ಕಾಲಲ್ಲಿ ಏನೂ ಇಲ್ಲ.’

ಅಮ್ಮ ತಿರುಗಲಿಲ್ಲ.

‘ಆ ಪದ್ಧತಿ ಗಿದ್ಧತಿ ಎಲ್ಲ ನಾನೇ ಕಟ್ಟಿದ್ದು. ನಮ್ಮಜ್ಜಿ ಹಾಗೆ ಹೇಳೇ ಇಲ್ಲ. ನೀವು ಎದ್ದು ನಡೀಲಿ ಅಂತ ಹೇಳ್ದೆ.’

ಅಮ್ಮ ನಿಧಾನವಾಗಿ ಈ ಕಡೆ ತಿರುಗಿದರು. ‘ಸುಳ್ಳು ಹೇಳ್ದಾ?’

‘ಹೇಳ್ದೆ.’

‘ವಯಸ್ಸಾದವಳಿಗೆ? ದೇವರ ಫೋಟೋ ಮುಂದೆ ಕೂತ್ಕೊಂಡು?’

‘ಹೇಳ್ದೆ ಅಂದ್ನಲ್ಲಮ್ಮ. ನಾನು ಒದೀಬಾರದಿತ್ತು. ನಾನು ಒದ್ದಿದ್ದಕ್ಕೇ ನೀವು ಹೀಗೆ ಮಲಗಿರೋದು. ತಪ್ಪು ನಂದು. ಆದ್ರೆ ಅವತ್ತು ಎರಡು ಕ್ರಾಸ್ ನಡ್ಕೊಂಡು ಬಂದ್ರಲ್ಲ, ಆಗ ಇನ್ನೂ ಒದ್ದಿರಲಿಲ್ಲ ನಾನು. ನಾನೇನು ಎತ್ಕೊಂಡು ಬಂದಿದ್ನಾ? ನಿಮ್ಮ ಮಗ ಎತ್ಕೊಂಡು ಬಂದ್ರಾ? ಯಾವ ಕಾಲಲ್ಲಿ ಬಂದ್ರಿ?’

ಅಮ್ಮ ಸ್ವಲ್ಪ ಹೊತ್ತು ಸೂರು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಇವಳನ್ನ ಕಳಿಸು. ಕಾಫಿ ಕೊಡ್ಬೇಡ’ ಎಂದರು.

ಮೇಡಂ ಎದ್ದು ಹೋದರು. ಮರುದಿನ ತಮ್ಮ ಎಂದಿನ ತಡದೊಂದಿಗೆ ಮತ್ತೆ ಬಂದರು. ಅಮ್ಮ ಮಾತಾಡಲಿಲ್ಲ. ಆದರೆ ಹಿಮ್ಮಡಿ ಒತ್ತಿ ಎಂದರೆ ಒತ್ತಿದರು. ಆ ವಾರವೆಲ್ಲ ಹೀಗೇ ನಡೆಯಿತು. ಒಬ್ಬರು ಹೇಳುವುದು, ಇನ್ನೊಬ್ಬರು ಗೋಡೆ ನೋಡುತ್ತ ಮಾಡುವುದು. ಸಿಟ್ಟಿನಲ್ಲಿ ಒತ್ತುತ್ತಿದ್ದುದರಿಂದಲೋ ಏನೋ, ಹಾಸಿಗೆಯಲ್ಲಿ ಹಿಮ್ಮಡಿಯ ಗುಳಿ ಬೀಳುತ್ತಿತ್ತು. ‘ಬೈಕೊಂಡೇ ಮಾಡಿ ಪರವಾಗಿಲ್ಲ. ಬಲ ಜಾಸ್ತಿ ಬರುತ್ತೆ’ ಎಂದು ಮೇಡಂ ಹೇಳಿದಾಗ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಕಾಫಿ ಮತ್ತೆ ಶುರುವಾಯಿತು.

ಎರಡನೇ ಸಲ ಗುಣವಾಗಲು ಮೊದಲ ಸಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಈ ಸಲ ಗುರಿಯಾಗಿ ಒದೆತವಿರಲಿಲ್ಲ, ಕ್ಲಿನಿಕ್ ಇರಲಿಲ್ಲ. ಮನೆಯ ಕೆಲಸವೇ ಎಕ್ಸರ್‌ಸೈಜ್ ಆಯಿತು. ಮಂಡಿ ಸಡಿಲ ಬಿಟ್ಟು, ಬೆನ್ನು ನೇರ ಇಟ್ಟು, ಸೊಂಟವನ್ನು ಹಿಂದಕ್ಕೆ ತಳ್ಳಿ ಬಗ್ಗುವುದನ್ನು ಖಾಲಿ ಬಕೆಟ್ಟಿನಲ್ಲಿ ಕಲಿಸಿದರು. ಬಕೆಟ್ಟಿಗೆ ಮೊದಲು ಒಂದು ಚೊಂಬು ನೀರು, ಆಮೇಲೆ ಕಾಲು ಬಕೆಟ್, ಆಮೇಲೆ ಅರ್ಧ. ನೋವು ಪೂರ್ತಿ ನಿಂತ ಮೇಲೂ ಬಿಡಿಸಲಿಲ್ಲ. ‘ನೋವು ಹೋಗೋದು ಮೊದಲು, ಬಲ ಬರೋದು ಆಮೇಲೆ. ಮಧ್ಯದಲ್ಲೇ ಎಲ್ಲರೂ ಬೀಳೋದು’ ಎಂದರು. ಅಮ್ಮ ಬಿದ್ದದ್ದೂ ಆ ಮಧ್ಯದಲ್ಲೇ.

ನೆಲದಿಂದ ಏಳುವುದು ಕೊನೆಯ ಪಾಠ. ಅಡುಗೆಮನೆಯಲ್ಲಿ ಈಳಿಗೆ ಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚಿ, ಕೈ ಊರದೆ ಎದ್ದ ದಿನ ಅಮ್ಮ ಅವರಿಗೆ ಫೋನ್ ಮಾಡಿಸಿದರು. ಅವರು ಎತ್ತಲಿಲ್ಲ. ಸಂಜೆ ಅವರೇ ಬಂದಾಗ ಅಮ್ಮ ಅವರ ಎದುರಿಗೆ ಇನ್ನೊಂದು ಸಲ ಕೂತು ಎದ್ದು ತೋರಿಸಿದರು. ‘ನಿಂಗೆ ತೋರಿಸೋಕೆ ಬೆಳಿಗ್ಗೆಯಿಂದ ಕಾಯ್ತಿದೀನಿ. ಫೋನ್ ಯಾಕಮ್ಮ ಇಟ್ಕೊಂಡಿದೀಯಾ?’ ಎಂದು ರೇಗಿದರು.

ಮೇಡಂ ಆಮೇಲೆ ಯಾರನ್ನೂ ಒದೆಯಲಿಲ್ಲ. ಕೇಳಿಕೊಂಡು ಬಂದವರಿಗೆ, ‘ಒಬ್ಬರನ್ನ ಒದ್ದು ಮಲಗಿಸಿದೀನಿ, ಹೋಗಿ ಅವರನ್ನೇ ಕೇಳಿ’ ಎಂದು ನಮ್ಮ ಮನೆಯ ದಾರಿ ತೋರಿಸುತ್ತಿದ್ದರು. ಕೆಲವರು ನಿಜವಾಗಿಯೂ ಬಂದರು. ಅಮ್ಮ ಅವರನ್ನು ಕೂರಿಸಿ, ಎಳ್ಳೆಣ್ಣೆಯಿಂದ ರಂಗೋಲಿಯವರೆಗೆ ಎಲ್ಲ ವಿವರಿಸಿ, ತಮ್ಮ ತೊಡೆ ಮುಟ್ಟಿಸಿ, ವಾಪಸ್ ಕ್ಲಿನಿಕ್ಕಿಗೇ ಅಟ್ಟುತ್ತಿದ್ದರು.

ಹೀಗೆ ಕೆಲವು ವರ್ಷ ನಡೆಯಿತು. ಮಧ್ಯೆ ಅಮ್ಮನಿಗೆ ಒಮ್ಮೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದರು. ಅಲ್ಲಿಯೂ ಮಂಚದ ಮೇಲೆ ಸೊಂಟ ಎತ್ತುತ್ತಿದ್ದರು. ನರ್ಸ್ ಗಾಬರಿಯಾಗಿ ಏನಾಯಿತಜ್ಜಿ ಎಂದು ಕೇಳಿದರೆ, ‘ಏನಿಲ್ಲ ಕಣಮ್ಮ, ನಿಮ್ಮ ಮಂಚಕ್ಕೆ ಅಂಟ್ಕೋಬಾರದು ಅಂತ’ ಎಂದರಂತೆ.

ಕಳೆದ ವರ್ಷ ಒಂದು ಬೆಳಿಗ್ಗೆ ನಾವು ಎದ್ದು ಬಂದಾಗ ಅಮ್ಮ ಹಾಲ್‌ನ ಕುರ್ಚಿಯಲ್ಲಿ ಕೂತಿದ್ದರು. ಪೇಪರ್ ತೊಡೆಯ ಮೇಲಿತ್ತು. ಉಸಿರು ಇರಲಿಲ್ಲ. ಹೃದಯ ನಿಂತಿದೆ, ನೋವು ಹೆಚ್ಚು ಹೊತ್ತು ಇದ್ದಿರಲಾರದು ಎಂದು ಡಾಕ್ಟರು ಹೇಳಿದರು.

ಸುದ್ದಿ ಕೇಳಿ ಮೇಡಂ ಬಂದರು. ತಮ್ಮದೇ ಮಂಡಿ ನೋವಿನಿಂದಾಗಿ ಕ್ಲಿನಿಕ್ ಮುಚ್ಚಿ ಚಂದ್ರಾ ಲೇಔಟಿನ ಮಗಳ ಮನೆಗೆ ಅವರು ಹೋಗಿ ಆಗಲೇ ಕೆಲವು ತಿಂಗಳಾಗಿತ್ತು. ಹೆಂಗಸರ ನಡುವೆ ಕೂರದೆ ನನ್ನ ಪಕ್ಕಕ್ಕೆ ಬಂದು ನಿಂತರು. ಅವರು ಅಳುವುದನ್ನು ನಾನು ನೋಡಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದರು.

‘ಬೆಳಿಗ್ಗೆ ಅವರನ್ನ ಯಾರು ಎಬ್ಬಿಸಿದ್ದು?’

‘ಯಾರೂ ಇಲ್ಲ ಮೇಡಂ. ನಾವಿನ್ನೂ ಮಲಗಿದ್ವಿ. ಅವರೇ ಎದ್ದು ಬೂತ್‌ನಿಂದ ಹಾಲು ತಂದಿದಾರೆ. ಕಾಫಿ ಮಾಡ್ಕೊಂಡು ಕುಡಿದಿದಾರೆ. ಲೋಟ ತೊಳೆದಿಟ್ಟಿದಾರೆ.’

‘ಲೋಟನೂ ತೊಳೆದಿದ್ರಾ?’

ನಾನು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಸಿಂಕಿನ ಪಕ್ಕದಲ್ಲಿ ಸ್ಟೀಲ್ ಲೋಟ ಬೋರಲು ಹಾಕಿತ್ತು. ಅದರ ಸುತ್ತ ಕಟ್ಟೆಯ ಮೇಲೆ ನೀರಿನ ಉಂಗುರ ಇನ್ನೂ ಪೂರ್ತಿ ಆರಿರಲಿಲ್ಲ. ಅವರು ಅದನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡಿದರು.

‘ಯಾರೂ ಇದನ್ನ ಎತ್ತಿಡೋಕೆ ಹೋಗ್ಬೇಡಿ ಇವತ್ತು’ ಎಂದರು.